ಅಂಗಡಿಯ ಬಾಗಿಲು ಓಣಿ ಕಡೆಗೆ: ಗ್ರಾಹಕರಿಗೆ ಪತ್ರ

ಗ್ರಾಹಕ ಬಂಧುಗಳಿಗೆ ಶರಣು ಶರಣಾರ್ಥಿ.

ನಮ್ಮ ಅಂಗಡಿಯ ಹಳೇ ಗೋಡೆಗಳ ರಿಪೇರಿ ಇರುವುದರಿಂದ, ದೀಪಾವಳಿ ಮುಗಿದ ಮೇಲಿನ ಸೋಮವಾರದಿಂದ ಸಂಕ್ರಾಂತಿಯವರೆಗೆ ನಮ್ಮ ಸಂಘದ ತೊಗರಿ ಬೇಳೆ ಮಾರಾಟ ಹಿಂಬದಿಯ ವಖಾರಿಯಲ್ಲಿ (ಗೋದಾಮಿನಲ್ಲಿ) ನಡೆಯುತ್ತದೆ. ಓಣಿ ಬಾಗಿಲಿಂದ ಬನ್ನಿ. ದರ, ತೂಕ, ಉದ್ರಿ ಖಾತೆ ಎಲ್ಲ ಮೊದಲಿನಂತೆಯೇ.

ಹಳೇ ಕಟ್ಟಡ ಕೆಡವಿ ಆರ್‌ಸಿಸಿ ಹಾಕಿಬಿಡಿ ಎಂದು ಹಲವರು ಹೇಳಿದ್ದೀರಿ. ನಮಗೆ ಮನಸ್ಸಿಲ್ಲ. ಇದನ್ನು ಕಟ್ಟಿಸಿದ ಅಡತಿ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ) ಸಾಹುಕಾರರಿಗೆ ಧಾನ್ಯದ ವ್ಯಾಪಾರ ಒಳಹೊರಗೆ ಗೊತ್ತಿತ್ತು. ಮುಂದಿನ ಕಟ್ಟೆ ಎತ್ತಿನ ಬಂಡಿಯ ಮಟ್ಟಕ್ಕಿದೆ, ಚೀಲ ಹೊರದೆ ಒಳಗೆ ಎಳೆಯಬಹುದಿತ್ತು. ವಖಾರಿಯ ಕಿಂಡಿಗಳು ಮಾಳಿಗೆಗೆ ತಾಗಿವೆ, ಕಾದ ಗಾಳಿ ಅಲ್ಲಿಂದ ಹೊರಬೀಳುತ್ತದೆ. ದೂರದ ಹಳ್ಳಿಯ ರೈತರು ರಾತ್ರಿ ಉಳಿಯಲಿ ಎಂದೇ ಮೇಲೆ ಕೋಣೆ. ಸಾಹುಕಾರರ ಲೆಕ್ಕದ ಕಾಗದಗಳು ಉರ್ದುವಿನಲ್ಲಿವೆ, ಹಣ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ, ವರ್ಷ ಆಗಿನ ಕಂದಾಯ ಲೆಕ್ಕದ ಫಸಲಿಯಲ್ಲಿ. (ಫಸಲಿಗೆ 590 ಕೂಡಿಸಿದರೆ ಹೆಚ್ಚು ಕಡಿಮೆ ಇಸವಿ ಸಿಗುತ್ತದೆ.) 1966ರ ಮಾರುಕಟ್ಟೆ ಕಾನೂನಿನ ನಂತರ ಅಡತಿ ವ್ಯಾಪಾರ ಮಾರುಕಟ್ಟೆ ಯಾರ್ಡಿಗೆ ಹೋಯಿತು, ಕಟ್ಟಡ ಉಳಿಯಿತು.

ಗೋಡೆ ಶಹಾಬಾದ್ ಕಲ್ಲಿನದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಆಮೇಲೆ ಯಾರೋ ಮೇಲೆ ಸಿಮೆಂಟ್ ಬಳಿದರು. ತೊಂದರೆ ಅಲ್ಲಿಂದ ಶುರು. ಸುಣ್ಣವಾದರೆ ಒಳಗಿನ ತೇವ ಆರಲು ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ಮಳೆನೀರು ಒಳಗೇ ನಿಂತು ಬುಡದಲ್ಲಿ ಉಪ್ಪು ಬಿಳಿಯಾಗಿ ಹೊರಬಂದು, ಕಲ್ಲು ಪದರು ಪದರಾಗಿ ಬಿಚ್ಚುತ್ತಿದೆ.

ಈಗ ಸಿಮೆಂಟನ್ನು ಉಳಿಯಿಂದಲೇ ಬಿಡಿಸುತ್ತೇವೆ. ಮಷೀನು ಹಚ್ಚಿದರೆ ಕಲ್ಲೇ ಸೀಳುತ್ತದೆ. ಸಂದುಗಳನ್ನು ಒಂದು ಇಂಚು ಕೆರೆದು, ಗೋಡೆ ಆರಲು ಬಿಡಬೇಕು. ಅಷ್ಟರಲ್ಲಿ ಸುಣ್ಣ ಕನಿಷ್ಠ 3 ವಾರ ನೀರಿನಲ್ಲಿ ನೆನೆದಿರಬೇಕು. ನೀರಿನಲ್ಲಿ ಅರಳದ ಹರಳು ಉಳಿದರೆ ಆಮೇಲೆ ಗೋಡೆಯ ಮೇಲೆ ಅರಳಿ ಗಚ್ಚು ಉದುರುತ್ತದೆ. ಗಾರೆಗೆ ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಂಗಿ ಪುಡಿ. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬಳಿಯುವಂತಿಲ್ಲ. ಒದ್ದೆ ಗೋಣಿ ಹೊದಿಸಿ 10 ದಿನ ತೇವ ಕಾಯಬೇಕು. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಈ ಕೆಲಸ ಆಗದ್ದಕ್ಕೇ ಚಳಿಗಾಲ ಹಿಡಿದಿದ್ದು. ಹೊಸ ತೊಗರಿಯ ಗದ್ದಲವೂ ಇದೇ ಹೊತ್ತಿಗೆ ಬರುತ್ತದೆ, ಗೊತ್ತಿದೆ.

ಧೂಳಿರುವುದರಿಂದ ಬಿಡಿ ಬೇಳೆ ಅಳೆಯುವುದಿಲ್ಲ, ಕಟ್ಟಿದ ಪಾಕೀಟು ಮಾತ್ರ. ಅಂಗಳದ ಸುಣ್ಣದ ಗುಂಡಿಯ ಹತ್ತಿರ ಮಕ್ಕಳನ್ನು ಬಿಡಬೇಡಿ, ಮೈ ಸುಡುತ್ತದೆ. ಓಣಿ ಬಾಗಿಲಿಗೆ ಮೂರು ಮೆಟ್ಟಿಲಿವೆ. ಹತ್ತಲಾಗದ ಹಿರಿಯರು ಕೆಳಗೇ ನಿಂತು ಕರೆದರೆ ಸಾಮಾನು ತಂದುಕೊಡುತ್ತೇವೆ.