ತರಬೇತಿ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ವಿಕಲಚೇತನರ ಆಪ್ತಸಮಾಲೋಚಕಿ ಆಗುವ ನನ್ನ ತರಬೇತಿ ಮುಗಿದು ಪ್ರಮಾಣಪತ್ರ ಕೈಗೆ ಬಂದಿದೆ. ಸೋಮವಾರಪೇಟೆ ಕಡೆಯ ನಮ್ಮ ಪಂಚಾಯ್ತಿಯವರಿಗೆ ನಾನು ಹೊಸಬಳಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಪಿಂಚಣಿ ಅರ್ಜಿ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಗಾಲಿಕುರ್ಚಿ ಅಂದರೆ ನನ್ನನ್ನೇ ಹುಡುಕಿಕೊಂಡು ಬರುತ್ತೀರಿ. ಆದರೆ ಅರ್ಜಿ ತುಂಬಿಸುವುದು ಬೇರೆ, ಎದುರಿಗೆ ಕೂತವರ ಮಾತನ್ನು ಪೂರ್ತಿ ಕೇಳುವುದು ಬೇರೆ. ಅದನ್ನು ಕಲಿಯಲೆಂದೇ ಮೈಸೂರಿಗೆ ಓಡಾಡಿದೆ.

ಮೊದಲ ಥ್ಯಾಂಕ್ಸ್ ನನ್ನ ನಾದಿನಿಗೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಲಸ ಮುಗಿಸಿ ಬಂದು ನನ್ನ ಮಕ್ಕಳಿಗೂ ಅಡುಗೆ ಮಾಡಿ ಹಾಕಿದಳು. "ಅತ್ತಿಗೆ, ನೀವು ಓದಿ" ಅಂದಳೇ ಹೊರತು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸುಳ್ಳು, ಒಮ್ಮೆ ಸಿಂಡರಿಸಿದಳು. ಅಷ್ಟು ಹಕ್ಕು ಅವಳಿಗಿದೆ.

ಕೊಡಗಿಗೆ ರೈಲಿಲ್ಲ, ಬಸ್ಸೇ ಗತಿ. ಕ್ಯಾಲಿಪರ್ (ಕಾಲಿಗೆ ಆಸರೆಯ ಪಟ್ಟಿ) ಹಾಕಿದ ನನ್ನ ಕಾಲು ಮೆಟ್ಟಿಲೇರುವ ತನಕ "ರೈಟ್" ಹೇಳದೆ ಕಾದ ಕಂಡಕ್ಟರಣ್ಣಂದಿರಿಗೆ ನಮಸ್ಕಾರ. ನಾನು ಮೊದಲು ವಿಚಾರಿಸಿದ ಒಂದು ಕಡೆ ತರಗತಿ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ವಿಕಲಚೇತನರ ಬಗ್ಗೆ ಕಲಿಸುವ ತರಗತಿ, ಅಲ್ವಾ! ಅವರಿಗೂ ಒಂದು ಥ್ಯಾಂಕ್ಸ್ ಇರಲಿ, ಅದಕ್ಕಿಂತ ಒಳ್ಳೆಯ ಕಡೆ ಸೇರಿದೆ.

ಅಲ್ಲಿನ ಮೇಡಂ, ವಿಕಲಚೇತನರ ಹಕ್ಕಿಗಾಗಿ ಹೋರಾಡಿದ ಅಮೆರಿಕದ ಎಡ್ ರಾಬರ್ಟ್ಸ್ ಅವರ ಕಥೆ ಹೇಳಿದರು. ನನ್ನಂತೆ ಪೋಲಿಯೋ. 14ನೇ ವಯಸ್ಸಿಗೆ ಬಂದು, ಕುತ್ತಿಗೆಯಿಂದ ಕೆಳಗೆ ಹೆಚ್ಚೂಕಡಿಮೆ ಅಲ್ಲಾಡದಂತಾಯಿತು. ಇವರಿಂದ ಯಾವ ಕೆಲಸವೂ ಆಗದು ಎಂದು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಓದಿಗೆ ನೆರವು ಕೊಡಲು ಹಿಂದೇಟು ಹಾಕಿತ್ತು. 1975ರಲ್ಲಿ ಅದೇ ಇಲಾಖೆಗೆ ಅವರೇ ಮುಖ್ಯಸ್ಥರಾದರು. ಯಾರ ಬಗ್ಗೆಯೂ "ಇವರಿಂದ ಆಗಲ್ಲ" ಎಂದು ಬರೆಯುವ ಮುಂಚೆ ಆ ಕಥೆ ನೆನಪಾಗಲಿ ಎಂದು ಮೇಡಂ ಹೇಳುತ್ತಿದ್ದರು. ನೆನಪಾಗುತ್ತಿದೆ ಮೇಡಂ.

ದೊಡ್ಡ ಋಣ ಒಬ್ಬ ಅಣ್ಣನದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಊರು ಬೇಡ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಸಿಲ್ವರ್ ಓಕ್ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಗಿತ್ತು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ನೋಡಲು ಬಂದವರೆಲ್ಲ "ಎಲ್ಲಾ ಸರಿಹೋಗುತ್ತೆ" ಎಂದು ಹೇಳಿ ಹೋಗುತ್ತಿದ್ದರು. ಗಾಲಿಕುರ್ಚಿ ಬಂದಿತ್ತು, ಅಂಗಳಕ್ಕೆ ಇಳಿಜಾರೂ ಆಗಿತ್ತು, ಆದರೂ ಅಣ್ಣ ಹೊರಗೆ ಬರುತ್ತಿರಲಿಲ್ಲ. ಸೋಮಾರಿತನ ಎಂದು ಮನೆಯವರಿಗೂ ಸಿಟ್ಟು. ನಾನು ಸಲಹೆ ಕೊಡಲು ಹೋಗಲಿಲ್ಲ. ಸುಮ್ನೆ ಕೂತೆ, ಮತ್ತೆ ಹೋದೆ, ಮತ್ತೆ ಕೂತೆ. ಒಂದು ದಿನ ಅವರೇ ಹೇಳಿದರು: ಮೂತ್ರದ ಚೀಲ ನಾಲ್ಕು ಜನರಿಗೆ ಕಾಣುತ್ತದೆ, ವಾಸನೆ ಬಂದರೆ ಏನು ಗತಿ ಎಂಬ ಭಯ. ಅಷ್ಟೇ. ಪ್ಯಾಂಟಿನೊಳಗೆ ಕಾಲಿಗೇ ಕಟ್ಟಿಕೊಳ್ಳುವ ಚೀಲ ಸಿಗುತ್ತದೆ ಎಂದು ನರ್ಸಮ್ಮ ತೋರಿಸಿಕೊಟ್ಟರು. ಈ ಸಲದ ಕೊಯ್ಲಿನಲ್ಲಿ ಅಣ್ಣ ಕಣದಲ್ಲಿ ಕೂತು ಹಣ್ಣಿನ ತೂಕ ಬರೆದುಕೊಂಡರು. ತೋಟದ ಲೆಕ್ಕ ಬರೆಯುವವರನ್ನು ಕರೆಯುವಂತೆ ಎಲ್ಲರೂ ಈಗ "ರೈಟ್ರೇ" ಎಂದು ಕರೆಯುತ್ತಾರೆ. ನನ್ನನ್ನು ನಂಬಿ ಆ ಮಾತು ಹೇಳಿದ್ದಕ್ಕೆ, ರೈಟ್ರೇ, ಥ್ಯಾಂಕ್ಸ್.

ಹಾಡಿಗೆ, ಅಂದರೆ ಆದಿವಾಸಿಗಳ ಕೇರಿಗೆ, ಕರೆದುಕೊಂಡು ಹೋದ ಆಶಾ ಅಕ್ಕನನ್ನು ಬಿಡುವಂತಿಲ್ಲ. ಅಲ್ಲಿನವರ ಮಾತು ನನಗೆ ಅರ್ಥವಾಗದಾಗ ಅವರೇ ನಡುವೆ ಕೂತು ತಿಳಿಸಿ ಹೇಳಿದರು. ವಿಕಲಚೇತನರ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು, 2016ರ ಕಾಯ್ದೆಯಲ್ಲಿ 21. ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯೂ ಅದರಲ್ಲಿ ಸೇರಿದೆ. ಇದು ಅಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ. ಕಣ್ಣಿಗೆ ಕಾಣದ ನೋವಿಗೆ ಕಾರ್ಡು ಯಾರು ಕೊಡುತ್ತಾರೆ ಎಂದು ಒಬ್ಬ ತಾಯಿ ಕೇಳಿದರು. ಈಗ ಅವರ ಮಗನ ಅರ್ಜಿ ಹೋಗಿದೆ.

ಕೊನೆಗೆ ನಮ್ಮ ಪಿಡಿಒ ಸಾರ್. ಗುಮಾಸ್ತರ ಮೇಜಿನ ಪಕ್ಕ ಕೂತು ಯಾರೂ ಮನಸ್ಸು ಬಿಚ್ಚಿ ಮಾತಾಡಲ್ಲ ಎಂದಿದ್ದಕ್ಕೆ, ಹಳೇ ಕಡತ ತುಂಬಿದ್ದ ಕೋಣೆ ಖಾಲಿ ಮಾಡಿಸಿ ಕೊಟ್ಟರು. ಬಾಗಿಲು ಸರಿಯಾಗಿ ಮುಚ್ಚುತ್ತದೆ, ಅದೇ ಮುಖ್ಯ. ಬುಧವಾರ, ಶುಕ್ರವಾರ ಮಧ್ಯಾಹ್ನ ಅಲ್ಲಿರುತ್ತೇನೆ. ಬರಲಾಗದವರು ಹೇಳಿಕಳಿಸಿ, ನಾನೇ ಬರುತ್ತೇನೆ. ಮಳೆಗಾಲದಲ್ಲಿ ಮಾತ್ರ ಜೀಪು ಇರುವವರು ಯಾರಾದರೂ ಸ್ವಲ್ಪ ಹತ್ತಿಸಿಕೊಳ್ಳಿ.