ಗುಂಡ, ಕೆಂಚರ ಚಿಕಿತ್ಸೆ ಬಗ್ಗೆ ಮಗಳಿಗೆ

ರಾಯಚೂರು

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಎರಡು ಗಿನಿಪಿಗ್‌ಗಳ ಬಗ್ಗೆ ಕಳಿಸಿದ ಮೆಸೇಜ್ ಓದಿದೆ. ಗುಂಡ ಉಚ್ಚೆ ಹೊಯ್ಯುವಾಗ ಚೀರುತ್ತಾನೆ, ರಕ್ತವೂ ಕಂಡಿದೆ. ಕೆಂಚ ಸೊರಗಿದ್ದಾನೆ, ಗದ್ದ ಯಾವಾಗಲೂ ಒದ್ದೆ. ಇಬ್ಬರಿಗೂ ಆರು ವರ್ಷ. ಇಷ್ಟು ಸಣ್ಣ ಪ್ರಾಣಿಗೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು ಅಂತ ಮನೆಯಲ್ಲಿ ಕೇಳುತ್ತಿದ್ದಾರೆ, ಅಲ್ವಾ?

ತೋರಿಸುವುದು ಬೇರೆ, ಆಪರೇಷನ್ ಮಾಡಿಸುವುದು ಬೇರೆ. ಎರಡನೆಯದರ ಚಿಂತೆಯಲ್ಲಿ ಮೊದಲನೆಯದನ್ನು ಮುಂದೂಡಬೇಡ. ರೋಗ ಏನು ಅಂತಲೇ ಗೊತ್ತಿಲ್ಲದೆ ಖರ್ಚಿನ ಲೆಕ್ಕ ಹಾಕಿ ಏನು ಉಪಯೋಗ? ಗಿನಿಪಿಗ್ ಬದುಕುವುದೇ ಸಾಮಾನ್ಯವಾಗಿ 5ರಿಂದ 7 ವರ್ಷ, ನಿಜ. ಆದರೆ "ವಯಸ್ಸಾಯ್ತು ಬಿಡು" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ವಯಸ್ಸಿಗೆ ಮದ್ದಿಲ್ಲದಿರಬಹುದು, ನೋವಿಗೆ ಇದೆ.

ಗುಂಡನನ್ನು ನಾಳೆಯೇ ಕರೆದುಕೊಂಡು ಹೋಗು. ಉಚ್ಚೆ ಒಣಗಿದ ಮೇಲೆ ಸುಣ್ಣದ ಹಾಗೆ ಬಿಳಿ ಕಲೆ ಉಳಿದರೆ ಗಾಬರಿ ಬೇಡ, ಅದು ಸಹಜ. ರಕ್ತ, ಚೀರಾಟ ಸಹಜವಲ್ಲ. ಮೂತ್ರಕೋಶದಲ್ಲಿ ಕಲ್ಲಾಗಿರಬಹುದು, ಎಕ್ಸ್‌ರೇಯಲ್ಲಿ ಕಾಣುತ್ತದೆ. ಬರೀ ಸೋಂಕಾದರೆ ಔಷಧದಲ್ಲೇ ಮುಗಿಯಬಹುದು. ಗಂಡು ಪ್ರಾಣಿಯಲ್ಲಿ ಕಲ್ಲು ನಾಳಕ್ಕೆ ಸಿಕ್ಕಿ ಉಚ್ಚೆ ಕಟ್ಟಿತೋ, ಆಮೇಲೆ ಯೋಚಿಸಲು ಸಮಯ ಇರುವುದಿಲ್ಲ.

ಕೆಂಚನದು ಹಲ್ಲಿನ ತೊಂದರೆ ಅನ್ನಿಸುತ್ತದೆ. ಅವುಗಳ ಹಲ್ಲು ಸಾಯುವ ತನಕ ಬೆಳೆಯುತ್ತವೆ. ದವಡೆ ಹಲ್ಲು ಓರೆಯಾಗಿ ನಾಲಿಗೆಗೆ ಅಡ್ಡ ಬಂದರೆ ಹಸಿವಿದ್ದರೂ ತಿನ್ನಲಾಗುವುದಿಲ್ಲ. ಹುಲ್ಲಿನ ಹತ್ತಿರ ಹೋಗಿ ಮೂಸಿ ವಾಪಸ್ ಬರುತ್ತಾನಾ, ನೋಡು. ಹಲ್ಲು ಸವರಬಹುದು. ಆದರೆ ಒಮ್ಮೆ ಸವರಿದರೆ ಸಾಲದು, ಕೆಲವಕ್ಕೆ ಕೆಲವು ವಾರಕ್ಕೊಮ್ಮೆ ಅರಿವಳಿಕೆ ಕೊಟ್ಟು ಮಾಡಬೇಕಾಗುತ್ತದೆ. ಇದನ್ನು ಮೊದಲೇ ಕೇಳಿಕೋ.

ನಾನು ದನದ ದವಾಖಾನೆಯಲ್ಲಿ ಕೆಲಸ ಮಾಡಿದವನು. ನಮ್ಮ ಕಡೆ ಡಾಕ್ಟರುಗಳ ಕೈ ಪಳಗಿರುವುದು ಆಕಳು, ಎಮ್ಮೆ, ಕುರಿಗಳಲ್ಲಿ. ಹಾಗಾಗಿ ಕೊಪ್ಪಳದಲ್ಲೇ ತೋರಿಸಿದರೂ, "ಡಾಕ್ಟ್ರೇ, ಮೊಲ, ಗಿನಿಪಿಗ್ ನೋಡಿದ್ದೀರಾ?" ಅಂತ ಸಂಕೋಚ ಬಿಟ್ಟು ಕೇಳು. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹಾಕಿದರೆ ಇವುಗಳ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಜೀವಕ್ಕೇ ಕುತ್ತು. ಮೆಡಿಕಲ್ ಶಾಪಿನಿಂದ ನೀನೇ ಏನೂ ತಂದು ಹಾಕಬೇಡ. ಆಪರೇಷನ್ ಮುಂಚೆ ನಾಯಿಯಂತೆ ರಾತ್ರಿಯೆಲ್ಲ ಉಪವಾಸ ಕೆಡವುವುದೂ ಸಲ್ಲದು. ಇವು ವಾಂತಿ ಮಾಡುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆ ನಿಂತುಹೋಗಬಹುದು.

ಕೊಪ್ಪಳದಲ್ಲಿ ಆಗದೆ ಹುಬ್ಬಳ್ಳಿಗೆ ಹೋಗಬೇಕಾಗಿ ಬಂದರೆ ಬೆಳಗಿನ ತಂಪಿನಲ್ಲೇ ರೈಲು ಹಿಡಿ. ನಮ್ಮ ಬಿಸಿಲು ಇವುಗಳಿಗೆ ವಿಷ, 30 ಡಿಗ್ರಿ ಸಮೀಪಿಸಿದರೇ ಒದ್ದಾಡುತ್ತವೆ. ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ ಇಡು, ಜೊತೆಗಾರನಿದ್ದರೆ ಹೆದರಿಕೆ ಕಡಿಮೆ.

ಅಲ್ಲಿಯ ತನಕ ಕೆಂಚನ ಹೊಟ್ಟೆ ಖಾಲಿ ಇರಬಾರದು. ಪೆಲೆಟ್‌ಗಳನ್ನು, ಅಂದರೆ ಅವು ತಿನ್ನುವ ಗುಳಿಗೆ ಆಹಾರವನ್ನು, ಬೆಚ್ಚಗಿನ ನೀರಿನಲ್ಲಿ ನೆನೆಸಿ ನುಣ್ಣಗೆ ಕಲಸು. ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ನೆಟ್ಟಗೆ ಕೂರಿಸಿಕೋ, ಅಂಗಾತ ಮಲಗಿಸಬೇಡ. ಸೂಜಿ ತೆಗೆದ ಸಿರಿಂಜನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ ಇಟ್ಟು ಒಂದು ತೊಟ್ಟು ಬಿಡು. ಅವನು ಅಗಿದು ನುಂಗಿದ್ದು ಕಂಡ ಮೇಲೆ ಇನ್ನೊಂದು. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಸಿ ವಿಟಮಿನ್ ಅವುಗಳ ಮೈಯಲ್ಲಿ ತಯಾರಾಗುವುದಿಲ್ಲ, ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಎಷ್ಟು, ಹೇಗೆ ಕೊಡಬೇಕು ಅಂತ ಡಾಕ್ಟರನ್ನೇ ಕೇಳು. ಅಡುಗೆಮನೆ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ಇಬ್ಬರನ್ನೂ ತೂಗಿ ಬರೆದಿಡು. ಇವು ನೋವು ತೋರಿಸಿಕೊಳ್ಳುವ ಜಾತಿಯಲ್ಲ, ನಮಗೆ ಮೊದಲು ಹೇಳುವುದು ತೂಕವೇ.

ಈಗ ನಿನ್ನ ನಿಜವಾದ ಪ್ರಶ್ನೆ: ದುಡ್ಡು ಹಾಕಿ ಚಿಕಿತ್ಸೆ ಮಾಡಿಸಬೇಕೋ, ಬೇಡವೋ. ಇಬ್ಬರಿಗೂ ಒಂದೇ ತೀರ್ಮಾನ ಬೇಡ. ಒಬ್ಬೊಬ್ಬನ ಬಗ್ಗೆಯೂ, ಚಿಕಿತ್ಸೆ ಆದ ಮೇಲೆ ಅವನು ತಾನೇ ತಿಂದು, ಓಡಾಡಿ, ನೋವಿಲ್ಲದೆ ಮಲಗಬಲ್ಲನಾ ಅಂತ ಡಾಕ್ಟರನ್ನು ಕೇಳು. ಹೌದು ಅಂದರೆ ಮಾಡಿಸು, ದುಡ್ಡಿನ ಬಗ್ಗೆ ನಿಮ್ಮಪ್ಪನ ಜೊತೆ ನಾನು ಮಾತಾಡುತ್ತೇನೆ. ಆಪರೇಷನ್ ತಡೆಯುವ ಶಕ್ತಿ ಗುಂಡನಿಗೆ ಇಲ್ಲ ಅಂದರೆ ನೋವಿನ ಔಷಧ ಕೊಟ್ಟು ಮನೆಯಲ್ಲೇ ನೋಡಿಕೋ. ಅದು ಕೈಬಿಟ್ಟಂತಲ್ಲ. ಔಷಧಕ್ಕೂ ನೋವು ಬಗ್ಗದೆ, ಮೂಲೆಯಲ್ಲಿ ಮೈ ಮುದುಡಿ ಕೂತು, ಇಷ್ಟದ ಕೊತ್ತಂಬರಿಗೂ ಮೂತಿ ತಿರುಗಿಸಿದರೆ, ಇಂಜೆಕ್ಷನ್ ಕೊಟ್ಟು ನೋವಿಲ್ಲದ ಸಾವಿಗೆ ಕಳಿಸಿಕೊಡಲು ಒಪ್ಪು. ಮೊದಲು ಅರಿವಳಿಕೆ ಕೊಡಿ ಅಂತ ಹೇಳು. ಆಗ ಜೊತೆಗಿರು. ನಮ್ಮ ಮನಸ್ಸಿಗೆ ಕಷ್ಟ ಅಂತ ಅವನಿಂದ ಇನ್ನೊಂದು ವಾರ ನೋವು ತಿನ್ನಿಸುವುದು ಬೇಡ, ಮಗಳೇ. ಉಳಿದವನನ್ನು ಒಂಟಿ ಬಿಡದೆ ಜಾಸ್ತಿ ಹೊತ್ತು ಹತ್ತಿರ ಇಟ್ಟುಕೋ.

ಡಾಕ್ಟರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ನಾಳೆ ಸಂಜೆ ಫೋನ್ ಮಾಡು. ಹುಬ್ಬಳ್ಳಿಗೇ ಹೋಗಿ ಅಂದರೆ ಹಿಂದಿನ ರಾತ್ರಿಯೇ ನಾನು ಕೊಪ್ಪಳಕ್ಕೆ ಬರುತ್ತೇನೆ.

ನಿನ್ನ ದೊಡ್ಡಪ್ಪ