ಬೋರ್ಡ್ ತೆಗೆಯಿರಿ, ಕಸದ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಕಳಿಸಿ

ಇವರಿಗೆ,
ಆರೋಗ್ಯ ನಿರೀಕ್ಷಕರು, ವಾರ್ಡ್ ಕಚೇರಿ

ವಿಷಯ: ಟ್ರಾನ್ಸ್‌ಫಾರ್ಮರ್ ಪಕ್ಕದ ಕಸದ ರಾಶಿ (6ನೇ ಮನವಿ)

ಮಾನ್ಯರೇ,

ನಮಸ್ಕಾರ. ಮೊದಲ ಎರಡು ಪತ್ರಕ್ಕೆ ಸೀಲ್ ಬಿತ್ತು, ಅಷ್ಟೇ. ಮೂರನೆಯದಕ್ಕೆ ಒಬ್ಬರು ಬಂದು ಫೋಟೊ ತೆಗೆದುಕೊಂಡು ಹೋದರು. ನಾಲ್ಕನೆಯದು ಕಳೆದುಹೋಗಿದೆ, ಇನ್ನೊಂದು ಪ್ರತಿ ಕೊಡಿ ಎಂದರು. ಅದೇ ಐದನೆಯದಾಯಿತು. ಆ್ಯಪ್‌ನಲ್ಲಿ ಹಾಕಿದ ದೂರುಗಳನ್ನೆಲ್ಲ ‘ಪರಿಹರಿಸಲಾಗಿದೆ’ ಎಂದು ಮುಚ್ಚಿದಿರಿ. ರಾಶಿ ಇದ್ದಲ್ಲೇ ಇದೆ. ಕೊನೆಗೆ ‘ಜನರ ಮನಸ್ಥಿತಿ ಬದಲಾಗಬೇಕು’ ಎಂದು ಹೇಳಿ, ‘ಎಲ್ಲರೂ ಇಲ್ಲೇ ಕಸ ಸುರಿಯುತ್ತಿದ್ದೀರಿ, ದಂಡ ಬೀಳುತ್ತದೆ’ ಅಂತ ಬೋರ್ಡ್ ನೆಟ್ಟಿರಿ.

ಆ ಬೋರ್ಡ್ ಬಂದ ಮೇಲೆ ಕಸ ಜಾಸ್ತಿಯೇ ಆಗಿದೆ. ಅಮೆರಿಕದ ಅರಿಜೋನಾದಲ್ಲಿ ಮರಗಳು ಕಲ್ಲಾಗಿರುವ ಒಂದು ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ‘ಹಿಂದೆ ಬಂದ ಎಷ್ಟೋ ಜನ ಕಲ್ಲು ಒಯ್ದಿದ್ದಾರೆ’ ಎಂಬ ಫಲಕ ಹಾಕಿ ನೋಡಿದಾಗ ಕಳವು ಹೆಚ್ಚಿತು. ಎಲ್ಲರೂ ಮಾಡುತ್ತಾರೆ ಎಂದು ನೀವೇ ಬರೆದರೆ ಜನ ಬಿಡುತ್ತಾರಾ?

ಜನರ ನಡವಳಿಕೆ ತಿದ್ದಲು ಬ್ರಿಟನ್ ಸರ್ಕಾರ 2010ರಲ್ಲೇ ತಂಡ ಕಟ್ಟಿತು. ನಮ್ಮ ಕೇಂದ್ರದ 2018-19ರ ಆರ್ಥಿಕ ಸಮೀಕ್ಷೆಯಲ್ಲೂ ಇದಕ್ಕೊಂದು ಅಧ್ಯಾಯವಿದೆ. ಬ್ರಿಟನ್ನಿನ ತಂಡ ಮೊದಲು ಹೇಳುವ ಮಾತು, ಮಾಡಬೇಕಾದ ಕೆಲಸ ಸುಲಭವಾಗಿರಲಿ ಎಂದು. ನಮ್ಮ ಗಾಡಿ ಒಂದು ದಿನ ಆರೂವರೆಗೆ, ಮರುದಿನ ಹನ್ನೊಂದಕ್ಕೆ, ಆಮೇಲೆ ಎರಡು ದಿನ ಪತ್ತೆಯಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಎಂಟಕ್ಕೇ ಮನೆ ಬಿಡುತ್ತಾರೆ. ಹಸಿ ಕಸ ಹಿಡಿದು ಅವರು ಎಲ್ಲಿ ಕಾಯಬೇಕು, ನೀವೇ ಹೇಳಿ.

ಸಂಕ್ರಾಂತಿಗೆ ನಾವೇ ಜಾಗ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿದೆವು. ಒಂಬತ್ತು ದಿನ ಒಂದು ಚೀಲವೂ ಬೀಳಲಿಲ್ಲ. ಹತ್ತನೇ ದಿನದಿಂದ ಗಾಡಿ ಸತತ ಮೂರು ದಿನ ಬರಲಿಲ್ಲ, ರಾಶಿ ಮತ್ತೆ ಎದ್ದಿತು. ಯಾರ ಮನಸ್ಥಿತಿ ಬದಲಾಗಬೇಕು ಸ್ವಾಮಿ?

ಅಲ್ಲಿನ ಬೀದಿದೀಪ ದೀಪಾವಳಿಯಿಂದ ಉರಿದಿಲ್ಲ. ಕತ್ತಲಲ್ಲೇ ಸುರಿಯುವವರು ಜಾಸ್ತಿ. ಚರಂಡಿ ಕಟ್ಟಿದೆ, ಸೊಳ್ಳೆ ಹೇಳತೀರದು. ಟ್ಯೂಷನ್ ಮುಗಿಸಿ ಬರುವ ಮಕ್ಕಳನ್ನು ನಾಯಿಗಳು ಅಟ್ಟಿಸುತ್ತವೆ. ಆಸ್ತಿ ತೆರಿಗೆ ನೋಟಿಸ್ ಮಾತ್ರ ತಪ್ಪದೆ ಬರುತ್ತದೆ. ಅದರಲ್ಲೂ ಎಷ್ಟು ಕಟ್ಟಬೇಕು, ಎಲ್ಲಿ ಕಟ್ಟಬೇಕು ಎಂಬುದು ನಮ್ಮ ಬೀದಿಯ ನಿವೃತ್ತ ಮೇಷ್ಟರಿಗೂ ಅರ್ಥವಾಗಲಿಲ್ಲ.

ದಿನಾ ಬೆಳಿಗ್ಗೆ 6.30ರಿಂದ 7.30ರೊಳಗೆ ಗಾಡಿ ಬರಬೇಕು. ವಾರಕ್ಕೆ ಮೂರು ಸಂಜೆ ಇನ್ನೊಂದು ಸುತ್ತು ಬೇಕು. ಬರದ ದಿನ ಹಿಂದಿನ ರಾತ್ರಿಯೇ ಮೆಸೇಜ್ ಕಳಿಸಿ. ಆ ಬೋರ್ಡ್ ಕಿತ್ತು, ಗಾಡಿ ಬರುವ ಸಮಯ ಬರೆದು ಹಾಕಿ. ದೀಪ ಈ ವಾರವೇ ಉರಿಯಲಿ.

ಸೋಮವಾರ ಬೆಳಿಗ್ಗೆ ಆರೂವರೆಗೆ ನಾವೆಲ್ಲ ಟ್ರಾನ್ಸ್‌ಫಾರ್ಮರ್ ಹತ್ತಿರ ಇರುತ್ತೇವೆ. ನೀವೂ ಬನ್ನಿ, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಒಟ್ಟಿಗೆ ನೋಡೋಣ.

ಇಂತಿ,
3ನೇ ಅಡ್ಡರಸ್ತೆಯ ನಿವಾಸಿಗಳು
(ಸಹಿಗಳು ಹಿಂಬದಿಯಲ್ಲಿ)